ಹಸಿದ ಹೊಟ್ಟೆಗೆ ಸೂಜಿ

ಪಕ್ಕದ ಸೀತಳ ಮನೆಯ ನೀರು ಮುಟ್ಟುವುದಿಲ್ಲವೆಂದು ಪೆರಿಕಲ್ಲೂರಿನ ನಾಗರತ್ನಮ್ಮ ಆಣೆಯಿಟ್ಟು ಹನ್ನೊಂದು ವರ್ಷವಾಗಿತ್ತು. ಸೀತಳ ಹಸು ಬೇಲಿ ನುಗ್ಗಿ ಅವರೆ ಸಾಲನ್ನೆಲ್ಲ ಮೇಯ್ದ ದಿನದ ಮಾತು ಅದು. ನಾಗರತ್ನಮ್ಮನ ಅಂಗಳ ತುಳಿಯುವುದಿಲ್ಲವೆಂದು ಸೀತಳೂ ಅಂದೇ ಆಣೆಯಿಟ್ಟಿದ್ದಳು.

ಈಗ ಪಿತ್ತಕೋಶದ ಕಲ್ಲು ನಾಗರತ್ನಮ್ಮನನ್ನು ಅದೇ ಸೀತಳ ಜಗಲಿಗೆ ತಂದು ಕೂರಿಸಿತ್ತು. ಆಪರೇಷನ್ನಿಗೆ ಇನ್ನೂ ಹದಿನೆಂಟು ದಿನ. ಬಲಪಕ್ಕೆಯಡಿ ಹಿಂಡುವ ನೋವನ್ನು ಅಲ್ಲಿಯವರೆಗೆ ತಡೆಯುವುದು ಹೇಗೆ? ಸುತ್ತಮುತ್ತ ಅಕ್ಯುಪಂಕ್ಚರ್ ಕಲಿತವಳೆಂದರೆ ಸೀತಳ ಮಗಳು ಶೀಜ ಒಬ್ಬಳೇ.

"ಸೂಜಿ ಚುಚ್ಚಿಸ್ಕೊಳ್ಳಕ್ಕೆ ಆಣೆ ಅಡ್ಡ ಬರಲ್ವಾ?" ಬಾಗಿಲಲ್ಲಿ ನಿಂತು ಸೀತ ಕೇಳಿದಳು.

"ಸೂಜಿ ನಿನ್ನ ಬಾವಿಯಿಂದ ಸೇದಿದ್ದಲ್ಲ," ಎಂದಳು ನಾಗರತ್ನಮ್ಮ.

"ಅಮ್ಮಾ, ನೀನು ಒಳಗೆ ಹೋಗು," ಎಂದು ಗದರಿ ಶೀಜ ಸ್ಕ್ಯಾನ್ ಚೀಟಿ ಓದಿದಳು. ಕಣ್ಣು ಹಳದಿಯಾಗಿದೆಯೇ ಎಂದು ನೋಡಿದಳು. "ಇದರಿಂದ ನೋವು ಇಳಿಬಹುದು ದೊಡ್ಡಮ್ಮ, ಕಲ್ಲು ಹೋಗಲ್ಲ. ಜ್ವರ ಬಂದ್ರೆ ಸೀದಾ ಆಸ್ಪತ್ರೆಗೆ ಹೋಗಿ. ಏನಾದ್ರೂ ತಿಂದ್ರಾ? ಹಸಿದ ಹೊಟ್ಟೇಲಿ ಚುಚ್ಚಂಗಿಲ್ಲ."

ನೋವಿಗೆ ಹೆದರಿ ನಾಗರತ್ನಮ್ಮ ನಿನ್ನೆ ಮಧ್ಯಾಹ್ನದಿಂದ ಏನನ್ನೂ ಬಾಯಿಗಿಟ್ಟಿರಲಿಲ್ಲ. ನಿಜ ಹೇಳಿದರೆ ಈ ಮನೆಯ ನೀರಲ್ಲಿ ಬೇಯಿಸಿದ ಗಂಜಿ ಎದುರಿಗೆ ಬರುತ್ತದೆ.

"ತಿಂದೇ ಬಂದೆ ಮಗಳೇ."

ಮುಟ್ಟುವ ಮೊದಲು ಶೀಜ ತಣ್ಣಗಿದ್ದ ಕೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡಳು. ಬಲಮೊಣಕಾಲಿನ ಕೆಳಗೆ ಹೊರಮಗ್ಗುಲಿಗೆ ಒಂದು ಸೂಜಿ, ಪಾದದ ಮೇಲೆ ಇನ್ನೊಂದು. ಕಾಲು ಜುಮ್ಮೆಂದಿತು. ಸ್ವಲ್ಪ ಹೊತ್ತಿನಲ್ಲಿ ಪಕ್ಕೆಯ ಹಿಡಿತ ಸಡಿಲವಾಯಿತು. ಅಬ್ಬಾ, ಎನ್ನುವಷ್ಟರಲ್ಲೇ ಕುತ್ತಿಗೆಯೆಲ್ಲ ತಣ್ಣನೆ ಬೆವರಿ, ಜಗಲಿಯ ಕಂಬ ಎರಡೆರಡಾಗಿ ಕಂಡಿತು.

ಶೀಜ ಸೂಜಿಗಳನ್ನು ಕಿತ್ತು, ಅವಳನ್ನು ಮಲಗಿಸಿ ಕಾಲಡಿಗೆ ದಿಂಬಿಟ್ಟಳು. "ಏನೂ ತಿಂದಿಲ್ಲ ಇವ್ರು! ಅಮ್ಮಾ, ಬೆಲ್ಲದ ನೀರು!"

ಸೀತ ಲೋಟ ತಂದಳು. ನಾಗರತ್ನಮ್ಮ ಹಲ್ಲು ಕಚ್ಚಿ ಮುಖ ತಿರುಗಿಸಿದಳು.

"ಸಾಯೋದಾದ್ರೆ ನಿನ್ನ ಮನೇಲಿ ಸಾಯಿ. ನನ್ನ ಮಗಳ ತಲೆಗೆ ಕಟ್ಟಬೇಡ!"

"ನೀರು ಮಾತ್ರ ಬೇಡ."

ಸೀತ ಲೋಟ ಕುಕ್ಕಿ ಅಂಗಳಕ್ಕಿಳಿದಳು. ಬೇಲಿಯ ಬಿದಿರು ಗಳ ಸರಿಸಿದ ಸದ್ದು ಕೇಳಿತು. ಶೀಜ ನಾಗರತ್ನಮ್ಮನ ಹಣೆಯ ಬೆವರನ್ನು ತನ್ನ ಶಾಲಿನಿಂದ ಒರೆಸುತ್ತಾ ಕೂತಳು. ಏದುಸಿರು ಬಿಡುತ್ತಾ ಸೀತ ಹಿಂತಿರುಗಿದಾಗ ಅವಳ ಕೈಯಲ್ಲಿದ್ದದ್ದು ನಾಗರತ್ನಮ್ಮನ ಮನೆಯದೇ ತಾಮ್ರದ ಚೊಂಬು.

"ನಿನ್ನ ಬಾವಿ, ನಿನ್ನ ಬೆಲ್ಲ. ನುಂಗು."

ನಾಗರತ್ನಮ್ಮ ಅವಳ ಪಾದಗಳತ್ತ ನೋಡಿದಳು. ತನ್ನ ಅಂಗಳದ ಕೆಂಪು ಕೆಸರು ಅವಳ ಕಣಕಾಲಿನವರೆಗೆ ಮೆತ್ತಿತ್ತು.

"ನನ್ನ ಅಡಿಗೆಮನೆಗೆ ನುಗ್ಗಕ್ಕೆ ಯಾರು ಹೇಳಿದ್ರು ನಿಂಗೆ?"

"ಬಾಗಿಲು ಹಾಕದೆ ಬಂದಿದೀಯ. ಬೆಲ್ಲದ ಡಬ್ಬಿ ತುಂಬ ಇರುವೆ, ಥೂ!"

"ಮೇಯಕ್ಕೆ ಬರೋವು ಬೇಲಿ ನುಗ್ಗಿಯಾದ್ರೂ ಬರ್ತವೆ."

ಶೀಜ ನಾಗರತ್ನಮ್ಮನ ತಲೆ ಎತ್ತಿ ಹಿಡಿದಳು. ಚೊಂಬನ್ನು ಮಗಳಿಗೂ ಕೊಡದೆ ಸೀತಳೇ ಅವಳ ತುಟಿಗೆ ಹಿಡಿದಳು, ಚೆಲ್ಲದ ಹಾಗೆ ನಿಧಾನವಾಗಿ ಓರೆ ಮಾಡುತ್ತಾ. ನಾಗರತ್ನಮ್ಮ ಕಣ್ಣು ಮುಚ್ಚಿ ತಳದವರೆಗೂ ಕುಡಿದಳು.