ಚಂದ್ರಕ್ಕನಿಗೆ ಬಿದ್ದ ಹದಿಮೂರು ಮತ

ಚುನಾವಣೆಗೆ ನಿಲ್ಲುತ್ತೇನೆ ಅಂತ ಚಂದ್ರಕ್ಕ ತಾವಾಗಿ ಹೇಳಿದವರಲ್ಲ. ನಿಲ್ಲಿಸಿದವನು ನಾನು. ಅದೂ ಮೆಲ್ಬರ್ನಿನಿಂದ ಒಂಬೈನೂರು ಕಿಲೋಮೀಟರ್ ದೂರದ ಸಿಡ್ನಿಯಲ್ಲಿ, ಮಾರ್ಸ್ಡನ್ ಪಾರ್ಕಿನ ನನ್ನ ಮನೆಯ ಸೋಫಾದ ಮೇಲೆ ಕಾಲು ಚಾಚಿಕೊಂಡು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ನನ್ನ ಪರವಾಗಿ ನಾನೇ ವಾದ ಮಾಡುವ ಚಪಲ ಹುಟ್ಟುವುದಿಲ್ಲ.

ಓದಲು ಬಂದಾಗ ಮೂರು ವರ್ಷ ನಾನು ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ಅವರ ಮನೆಯ ಮುಂದಿನ ಕೋಣೆಯಲ್ಲಿದ್ದೆ. ಗಂಡ ಸಿದ್ದಲಿಂಗಪ್ಪ ಹಾವೇರಿ ಕಡೆಯವರು, ವೆಲ್ಡಿಂಗ್ ಕೆಲಸದ ಮೇಲೆ ಬಂದು ನೆಲೆಸಿದವರು. ಅಕ್ಕ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಏಜ್ಡ್ ಕೇರ್‌ನ ಲಾಂಡ್ರಿಯಲ್ಲಿ ದುಡಿಯುತ್ತಿದ್ದರು. ಮಕ್ಕಳಿರಲಿಲ್ಲ. ನನ್ನ ಪರೀಕ್ಷೆಯ ದಿನಗಳಲ್ಲಿ ಬಾಗಿಲ ಹೊರಗೆ ರೊಟ್ಟಿ, ಎಣಗಾಯಿ ಮುಚ್ಚಿಟ್ಟು ಸದ್ದಿಲ್ಲದೆ ಹೋಗುತ್ತಿದ್ದರು.

ಅಂಥವರನ್ನು ಅಲ್ಲಿನ ಕನ್ನಡ ಬಳಗ ಹನ್ನೆರಡು ವರ್ಷ ಅಡುಗೆಮನೆಯಿಂದ ಹೊರಗೆ ಬಿಟ್ಟಿರಲಿಲ್ಲ. ಯುಗಾದಿಗೆ ಹೋಳಿಗೆ ಬೇಯಿಸುವವರು ಅಕ್ಕ, ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತ್ ತಿರುಗಿಸುವವರು ಅಕ್ಕ. ವೇದಿಕೆಯ ಮೇಲೆ ಮಾತ್ರ ಆರು ವರ್ಷದಿಂದ ಒಬ್ಬರೇ ಅಧ್ಯಕ್ಷರು, ಮೈಸೂರಿನ ಗೋಪೀನಾಥ. ಶಾಲು, ಹಾರ, ನೆನಪಿನ ಕಾಣಿಕೆ, ಊಟ ಆರಿಹೋಗುವವರೆಗೂ ಭಾಷಣ. ಆ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಫೆಬ್ರವರಿಯಲ್ಲಿ ಒಮ್ಮೆ ಫೋನಿನಲ್ಲಿ ಅಕ್ಕ ಏನೋ ಹೇಳಿದರು. ಊರಿನಿಂದ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರು ಆರು ತಿಂಗಳು ಗೋಡೆ ನೋಡಿಕೊಂಡು ಕೂರುತ್ತಾರೆ, ವಾರಕ್ಕೊಂದು ದಿನ ಅವರನ್ನೆಲ್ಲ ಕಾರಿನಲ್ಲಿ ಕರೆತಂದು ಒಂದು ಕಡೆ ಕೂರಿಸಿದರೆ ಬಾಯ್ತುಂಬ ಮಾತಾಡಿಯಾರು ಅಂತ. ನೀವೇ ಅಧ್ಯಕ್ಷರಾಗಿ ಮಾಡಿ ಅಂದೆ. ನಕ್ಕರು. ಆ ನಗೆಯಲ್ಲಿ ಒಂದು ಚೂರು ಆಸೆಯಿತ್ತು. ನಾನು ಆ ಚೂರನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅವತ್ತೇ ‘ಚಂದ್ರಕ್ಕ ಫಾರ್ ಪ್ರೆಸಿಡೆಂಟ್’ ಅಂತ ವಾಟ್ಸಾಪ್ ಗ್ರೂಪ್ ಮಾಡಿದೆ. ಮೂರು ವಾರದಲ್ಲಿ ನಾನೂರು ಜನ ಸೇರಿದರು. ಸಿಡ್ನಿಯವರು, ಬ್ರಿಸ್ಬೇನಿನವರು, ಪರ್ತಿನವರು, ಡಬ್ಲಿನ್‌ನಿಂದ ಒಬ್ಬ. ಎಲ್ಲರ ಊರಲ್ಲೂ ಒಬ್ಬ ಗೋಪೀನಾಥ ಇದ್ದ ಅಂತ ಕಾಣುತ್ತದೆ, ಆ ಸಿಟ್ಟನ್ನೆಲ್ಲ ತಂದು ಇಲ್ಲಿ ಸುರಿದರು. ಅಕ್ಕನ ಫೋಟೋ ಹಾಕಿ ‘ಸೌಟು ಹಿಡಿದ ಕೈಗೆ ಮೈಕು ಕೊಡಿ’ ಅಂತ ಪೋಸ್ಟರ್ ಮಾಡಿದೆವು, ರೀಲ್ ಮಾಡಿದೆವು. ಆಫೀಸಿನ ಕೆಲಸಕ್ಕೂ ನಾನು ಅಷ್ಟು ಬೆವರು ಸುರಿಸಿದವನಲ್ಲ. ಇವರಲ್ಲಿ ಅಲ್ಲಿ ಓಟು ಇರೋರು ಎಷ್ಟು ಜನ ಅಂತ ನನ್ನ ಹೆಂಡತಿ ತೇಜಸ್ವಿನಿ ಕೇಳಿದಳು. ಓಟಿಗೆ ಮೆಲ್ಬರ್ನಿನಲ್ಲಿರಬೇಕು, ಬಳಗದ ಸದಸ್ಯರಾಗಿರಬೇಕು. ಗೊತ್ತಿತ್ತು ನನಗೆ. ಲೆಕ್ಕ ಹಾಕಲಿಲ್ಲ. ಮೊದಲು ಹವಾ ಏಳಲಿ ಅಂದೆ.

ಅಕ್ಕನಿಗೆ ಅದು ಬರೀ ಹವಾ ಅಂತ ತಿಳಿಯದು. ನಾನೂರು ಜನ ತಮ್ಮ ಹಿಂದಿದ್ದಾರೆ ಅಂದರೆ ನಿಜವಾಗಿ ಹಿಂದಿದ್ದಾರೆ ಅಂತಲೇ ನಂಬಿದರು. ಶಿಫ್ಟ್ ಮುಗಿಸಿ ಬಂದು ಒಂದೊಂದು ಪೋಸ್ಟಿನ ಕೆಳಗೂ ‘ಧನ್ಯವಾದ ತಮ್ಮಾ’, ‘ಧನ್ಯವಾದ ತಂಗೆವ್ವ’ ಅಂತ ಬರೆಯುತ್ತಿದ್ದರು. ಯಾರ ಮನೆಗೆ ಯಾರ ತಾಯಿ ಬಂದಿದ್ದಾರೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ವಿಳಾಸ ಗುರುತು ಹಾಕಿಕೊಳ್ಳುತ್ತಿದ್ದರು.

ಚುನಾವಣೆಗೆ ಒಂದು ವಾರವಿದ್ದಾಗ ನನ್ನ ಬುದ್ಧಿ ಮಂಕಾಯಿತು. ಗೋಪೀನಾಥರ ಫೇಸ್‌ಬುಕ್ ಜಾಲಾಡಿ, ಹಾರ ಹಾಕಿಸಿಕೊಂಡ, ಹಾರ ಹಿಡಿದುಕೊಂಡ ಇಪ್ಪತ್ತನಾಲ್ಕು ಫೋಟೋ ಎತ್ತಿ ಒಟ್ಟಿಗೆ ಜೋಡಿಸಿದೆ. ‘ಆರು ವರ್ಷದ ಸಾಧನೆ’ ಅಂತ ತಲೆಬರಹ. ಕೊನೆಯ ಫೋಟೋದಲ್ಲಿ ಅವರು ಎರಡು ಕೈಯಲ್ಲಿ ಹಾರ ಹಿಡಿದು ತಲೆ ಬಗ್ಗಿಸಿ ನಿಂತಿದ್ದರು. ಅಂಚಿನಲ್ಲಿ ಮೇಜಿನ ತುದಿಯೇನೋ ಅಡ್ಡ ಬಂದಿತ್ತು, ಅದನ್ನು ಕತ್ತರಿಸಿದೆ. ಕೆಳಗೆ ‘ಯಾರ ಕೊರಳು ಖಾಲಿ ಇದೆ ಅಂತ ಹುಡುಕ್ತಿದಾರೆ’ ಅಂತ ಬರೆದೆ. ಗ್ರೂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅದೊಂದೇ ಪೋಸ್ಟು ಮೆಲ್ಬರ್ನಿನ ಮನೆಮನೆಗೂ ಹೋಗಿ ಮುಟ್ಟಿತು.

ಏಪ್ರಿಲ್ ಕೊನೆಯ ಭಾನುವಾರ ಟಾರ್ನೀಟ್‌ನ ಹಾಲ್‌ನಲ್ಲಿ ನೂರಾ ಎಂಬತ್ತು ಮತ ಬಿದ್ದವು. ಚಂದ್ರಕ್ಕನಿಗೆ ಹದಿಮೂರು.

ಗ್ರೂಪಿನಲ್ಲಿ ಎರಡು ದಿನ ಮೋಸ, ಮರುಎಣಿಕೆ ಅಂತ ಕೂಗಾಡಿದರು. ಮೂರನೆಯ ದಿನ ಯಾರೋ ಕ್ರಿಕೆಟ್ ಜೋಕು ಹಾಕಿದರು, ಎಲ್ಲರೂ ಅತ್ತ ಹೊರಳಿದರು. ಅಕ್ಕ ಮಾತ್ರ ಫೋನೆತ್ತಲಿಲ್ಲ. ಮುಂದಿನ ಭಾನುವಾರ ನಾನು ವಿಮಾನ ಹತ್ತಿದೆ.

ಬಾಗಿಲು ತೆಗೆದವರು ಏನೂ ಆಗದವರಂತೆ ಕೂರಿಸಿ ಒಗ್ಗರಣೆ ಮಂಡಕ್ಕಿ ಕೊಟ್ಟರು. ನಾನು ಸಮಾಧಾನದ ಮಾತು ಶುರುಮಾಡಿದೆ. ಮೊದಲ ಸಲಕ್ಕೆ ಹದಿಮೂರು ಕಡಿಮೆಯಲ್ಲ, ಮುಂದಿನ ಸಲ ಸದಸ್ಯರನ್ನು ಸೇರಿಸಿಕೊಂಡೇ ಇಳಿಯೋಣ, ಹೀಗೆ. ಅವರು ಕೈಯೆತ್ತಿ ತಡೆದರು. ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಹುಡುಕಿ, ಆ ಕೊನೆಯ ಫೋಟೋ ನನ್ನ ಮುಂದೆ ಹಿಡಿದರು.

“ಇದು ಯಾವಾಗಿಂದು ಗೊತ್ತೇನು?”

ಗೊತ್ತಿಲ್ಲ ಅಂದೆ.

“ನಮ್ಮ ಮನಿಯವರ ಮಣ್ಣಿನ ದಿನದ್ದು.”

ನಾನು ತಟ್ಟೆ ಕೆಳಗಿಟ್ಟೆ. ಎರಡು ವರ್ಷದ ಹಿಂದೆ ಸಿದ್ದಲಿಂಗಪ್ಪನವರು ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದು ಹೋಗಿದ್ದರು. ಅವರ ಮಣ್ಣನ್ನು ವಿಡಿಯೋದಲ್ಲಿ ನೋಡಿದೆ ಅಂತ ನಾನು ಎಲ್ಲರಿಗೂ ಹೇಳಿಕೊಂಡಿದ್ದೆ, ಅಕ್ಕನಿಗೂ. ನೋಡಿರಲಿಲ್ಲ. ಕ್ಯಾಮೆರಾ ಆಫ್ ಮಾಡಿ, ಸದ್ದು ನಿಲ್ಲಿಸಿ, ಇನ್ನೊಂದು ಕಿಟಕಿಯಲ್ಲಿ ಆಫೀಸಿನ ಮೀಟಿಂಗ್ ತೆರೆದುಕೊಂಡಿದ್ದೆ. ನೋಡಿದ್ದರೆ ಆ ಹಾರದ ಗುರುತು ಸಿಗುತ್ತಿತ್ತು. ನಾನು ಕತ್ತರಿಸಿದ್ದು ಮೇಜಿನ ತುದಿಯನ್ನಲ್ಲ, ಅವರನ್ನು ಮಲಗಿಸಿದ್ದ ಪೆಟ್ಟಿಗೆಯ ತುದಿಯನ್ನು.

ಉಳಿದದ್ದನ್ನು ಅಕ್ಕ ದನಿ ಏರಿಸದೆ ಹೇಳಿದರು. ಆ ವಾರ ವಿಭೂತಿ ಗಟ್ಟಿಗಾಗಿ ಮೂರು ಸಬರ್ಬ್ ಸುತ್ತಿದವರು ಗೋಪೀನಾಥ. ಅಕ್ಕನ ಕಡೆಯವರ ಪದ್ಧತಿ ತಮಗೆ ತಿಳಿಯದು ಅಂತ ಹಾವೇರಿಗೆ ಫೋನ್ ಹಚ್ಚಿ, ಸ್ವಾಮಿಗಳೊಬ್ಬರನ್ನು ಹಿಡಿದು, ಒಂದೊಂದನ್ನೂ ಕೇಳಿ ಬರೆದುಕೊಂಡು ಮಾಡಿಸಿದರು. ಅವರ ಹೆಂಡತಿ ಜಯಲಕ್ಷ್ಮಿ ಹದಿನೈದು ದಿನ ಈ ಮನೆಯಲ್ಲೇ ಅಕ್ಕನ ಪಕ್ಕದಲ್ಲಿ ಮಲಗಿದ್ದರು. ಅಂದಿನಿಂದ ಪ್ರತಿ ಸೋಮವಾರ, ಅಕ್ಕನ ರಜೆಯ ದಿನ, ತಮ್ಮ ಕಾರಿನಲ್ಲಿ ಸಮಾಧಿಗೆ ಕರೆದೊಯ್ದು ಕರೆತರುತ್ತಿದ್ದರು. ಅಕ್ಕನಿಗೆ ಕಾರು ಓಡಿಸಲು ಬಾರದು. ಚುನಾವಣೆಗೆ ನಿಂತಾಗಲೂ ಜಯಲಕ್ಷ್ಮಿ ಬೇಸರ ಮಾಡಿಕೊಂಡಿರಲಿಲ್ಲ, ಸೋಮವಾರ ತಪ್ಪಿಸಿರಲಿಲ್ಲ.

ನನ್ನ ಪೋಸ್ಟು ಬಂದ ದಿನ ಅಕ್ಕ ಕನ್ನಡಕ ಹಾಕಿಕೊಂಡಿರಲಿಲ್ಲ. ಎಲ್ಲದಕ್ಕೂ ಬರೆಯುವಂತೆ ಅದರ ಕೆಳಗೂ ‘ಧನ್ಯವಾದ ತಮ್ಮಾ’ ಅಂತ ಬರೆದಿದ್ದರು.

ವಿಷಯ ತಿಳಿದ ಮೇಲೆ ಗೋಪೀನಾಥರ ಮನೆಗೆ ಓಡಿದರಂತೆ. ಗೋಪೀನಾಥ, ‘ಹುಡುಗರು, ಬಿಡಿ’ ಅಂದರಂತೆ. ಜಯಲಕ್ಷ್ಮಿ ಕಾಫಿ ತಂದಿಟ್ಟು ಒಂದೇ ಮಾತು ಆಡಿದರು. ಅದನ್ನು ಅಕ್ಕ ಅವರ ಮೈಸೂರಿನ ಮಾತಿನಲ್ಲೇ ನನಗೆ ಒಪ್ಪಿಸಿದರು: “ನಾನೂರು ಜನ ನಕ್ಕಿದ್ದಕ್ಕೆ ನಂಗೆ ದುಃಖ ಇಲ್ಲ ಚಂದ್ರಾ. ನೀನು ಥ್ಯಾಂಕ್ಸ್ ಹೇಳಿದೆಯಲ್ಲ.”

ನಾನು ಹೋಗಿ ಕಾಲು ಹಿಡಿಯುತ್ತೇನೆ ಅಂದೆ. ಬೇಡ ಅಂದರು. ನಾನು ಅತ್ತೆ. ಅವರು ಅಳಲಿಲ್ಲ, ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಸೋಮವಾರ. ಬಾಡಿಗೆ ಕಾರು ತಂದು ಅಕ್ಕನನ್ನು ಸಮಾಧಿಗೆ ಕರೆದುಕೊಂಡು ಹೋದೆ. ಕಲ್ಲು ತೊಳೆಯಲು ಅವರು ಎರಡು ಬಾಟಲಿ ನೀರು ಹಿಡಿದಿದ್ದರು. ಹೋಗಿ ನೋಡಿದರೆ ಕಲ್ಲು ಆಗಲೇ ಒದ್ದೆಯಾಗಿತ್ತು. ಮೇಲೆ ಹಸಿ ವಿಭೂತಿಯ ಮೂರು ಗೆರೆ, ಒಂದು ಹಿಡಿ ಸೇವಂತಿಗೆ. ನಾನು ಹಿಗ್ಗಿಹೋದೆ. ಜಯಲಕ್ಷ್ಮಿ ಆಂಟಿಯ ಸಿಟ್ಟು ಇಳಿದಿದೆ, ನೋಡಿ ಅಕ್ಕ ಅಂದೆ.

ಅಕ್ಕ ತಲೆಯಾಡಿಸಿದರು. “ಪ್ರತಿ ಸೋಮವಾರ ನಾವು ಬರೂದು ಹತ್ತಕ್ಕ ಅಂತ ಆಕೀಗೆ ಗೊತ್ತೈತಿ ತಮ್ಮಾ. ನನ್ನ ಮಾರಿ ನೋಡೂದು ಬ್ಯಾಡಂತ ಮೊದಲ ಬಂದು ಹೋಗ್ಯಾಳ.”

ಒದ್ದೆ ಕಲ್ಲಿನ ಪಕ್ಕ ಬಹಳ ಹೊತ್ತು ಕೂತರು. ತಂದ ನೀರನ್ನು ಹುಲ್ಲಿಗೆ ಚೆಲ್ಲಿದರು.

“ಆಕಿ ಹಿಂಗ ಕದ್ದು ಬರಬಾರದು,” ಅಂದರು ಕೊನೆಗೆ. “ಸೋಮವಾರ ಆಕೀಗೇ ಇರಲಿ. ನಾ ಮಂಗಳವಾರ ಬರ್ತೀನಿ. ಶಿಫ್ಟ್ ನಾಕಕ್ಕ ಮುಗೀತೈತಿ. ಬಸ್ಸು ಹೆಂಗ ನೋಡು.”

ಫೋನಿನಲ್ಲಿ ನೋಡಿದೆ. ಎರಡು ಬಸ್ಸು ಬದಲಿಸಬೇಕು, ಆಮೇಲೆ ಇಪ್ಪತ್ತು ನಿಮಿಷ ನಡೆಯಬೇಕು. ಮೇ ಬಂತೆಂದರೆ ಇಲ್ಲಿ ಚಳಿಗಾಲ, ಐದಕ್ಕೇ ಗೇಟು ಹಾಕುತ್ತಾರೆ. ಎರಡೆರಡು ಸಲ ಲೆಕ್ಕ ಹಾಕಿ, ಅಷ್ಟರೊಳಗೆ ಮುಟ್ಟೋಕಾಗಲ್ಲ ಅಕ್ಕ ಅಂದೆ.

“ಹಂಗಾದ್ರ ಬ್ಯಾಸಗಿಯಾಗ ಬರ್ತೀನಿ ಬಿಡು,” ಅಂದರು.