ಪಡುವಣ ಗೋಪುರದ ಕಿಟಕಿ

ಅಕ್ಕ ತಮ್ಮ ಮಾತು ಬಿಟ್ಟು ಹದಿನೈದು ದಿನವಾಗಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ. ಒಂದು ಪ್ಲೈವುಡ್ ಹಲಗೆ.

ಇಬ್ಬರೂ ಕಾಡಿಗೆ ಬೆಂಕಿ ಬಿದ್ದರೆ ಸುದ್ದಿ ಮುಟ್ಟಿಸುವ ಬೆಂಕಿ ಕಾವಲಿನವರು. ಬೇಸಿಗೆ ಮುಗಿಯುವ ತನಕ ಅಕ್ಕ ಮೂಡಣ ಬೆಟ್ಟದ ಗೋಪುರದಲ್ಲಿ, ತಮ್ಮ ಪಡುವಣ ಬೆಟ್ಟದ ಗೋಪುರದಲ್ಲಿ. ನಡುವೆ ಒಂದು ಕಣಿವೆ, ಅದರ ತಳದಲ್ಲಿ ಬತ್ತಿದ ಹಳ್ಳ. ಗೋಪುರವೆಂದರೆ ಭಾರಿ ಏನೋ ಅಂದುಕೊಳ್ಳಬೇಡಿ. ನಾಲ್ಕು ಕಬ್ಬಿಣದ ಕಾಲಿನ ಮೇಲೆ ಒಂದು ಕೋಣೆ, ನಾಲ್ಕು ಕಡೆಗೂ ಗಾಜಿನ ಕಿಟಕಿ, ಒಂದು ಮಂಚ, ಒಂದು ಸ್ಟೌ, ದುರ್ಬೀನು, ವೈರ್‌ಲೆಸ್ ಸೆಟ್ಟು, ಅಷ್ಟೇ. ಕೇಳಿದವರೆಲ್ಲ ಸುಮ್ಮನೆ ಕೂತು ನೋಡೋದಕ್ಕೂ ಸಂಬಳವೇ ಅಂತ ಹೊಟ್ಟೆ ಉರಿದುಕೊಳ್ಳುತ್ತಾರೆ. ಒಂದು ದಿನ ಬಂದು ಕೂರಲಿ, ಗೊತ್ತಾಗುತ್ತದೆ.

ಆ ವರ್ಷದ ಬಿಸಿಲಂತೂ ಕೇಳಲೇಬೇಡಿ. ಬೆಳಗಾಗುತ್ತಿದ್ದ ಹಾಗೇ ಸೂರ್ಯ ಅಕ್ಕನ ಕೋಣೆಗೆ ನೇರ ನುಗ್ಗಿ, ಕೋಣೆ ಕಾದ ಬಾಣಲೆಯ ಹಾಗಾಗುತ್ತಿತ್ತು. ತಡೆದು ತಡೆದು ಸಾಕಾಗಿ ಒಂದು ದಿನ ಮೂಡಣ ಕಿಟಕಿಗೆ ಅಡ್ಡವಾಗಿ ಹಲಗೆಯಿಟ್ಟು ಮೊಳೆ ಹೊಡೆದುಬಿಟ್ಟಳು. ಆ ಕಡೆ ನೋಡುವುದಕ್ಕಾದರೂ ಏನಿತ್ತು? ಹೋದ ವರ್ಷವೇ ಸುಟ್ಟು ಬೋಳಾದ ಇಳಿಜಾರು, ಅದರ ಮೇಲೊಂದು ವೈರ್‌ಲೆಸ್ಸಿನ ಕಂಬ. ಸುಟ್ಟ ಜಾಗ ಮತ್ತೇನು ಸುಡುತ್ತದೆ ಅನ್ನುವುದು ಅವಳ ವಾದ. ಮಳೆಗಾಲದಲ್ಲಿ ಅಲ್ಲಿ ಸೊಂಟದೆತ್ತರ ಹುಲ್ಲು ಎದ್ದು ಈಗ ಒಣಗಿ ನಿಂತಿದೆ ಅನ್ನುವುದು ತಮ್ಮನ ವಾದ.

"ಹಲಗೆ ತೆಗಿ ಅಕ್ಕ," ಅಂದಿದ್ದ ಅವನು ವೈರ್‌ಲೆಸ್ಸಿನಲ್ಲಿ. "ಕಾವಲಿನವರಿಗೆ ಬೆನ್ನಲ್ಲೂ ಕಣ್ಣಿರಬೇಕು ಅಂತ ಅಪ್ಪ ಹೇಳ್ತಿದ್ದ."

"ಅಪ್ಪನ ಮಾತು ನೀನು ನನಗೆ ಹೇಳಿಕೊಡಬೇಡ," ಅಂದಳು ಅಕ್ಕ. "ಅಪ್ಪ ಹಾಸಿಗೆ ಹಿಡಿದಾಗ ನೀನೆಲ್ಲಿದ್ದೆ? ಬಾಗಿಲು ನೋಡ್ತಾ ನೋಡ್ತಾ ಹೋದ. ಮಣ್ಣು ಮಾಡಿದ ಮೇಲೆ ಬಂದವನು ನೀನು."

ಬಾಯಿಂದ ಬಿದ್ದ ಮಾತು ಬಿತ್ತು. ಕೆಳಗಿನ ಅರಣ್ಯ ಆಫೀಸಿನವರೂ ಅದೇ ಲೈನಿನಲ್ಲಿ ಕೇಳಿಸಿಕೊಂಡರು. ತಮ್ಮ ಸೆಟ್ಟು ಇಟ್ಟುಬಿಟ್ಟ. ಆಗ ಅವನು ಲಾರಿ ಓಡಿಸಿಕೊಂಡು ಎಲ್ಲೋ ದೂರದಲ್ಲಿದ್ದ, ಸುದ್ದಿ ತಲುಪಿದ್ದೇ ತಡವಾಗಿ ಅನ್ನುವುದು ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಅಂದಳು. ಆಮೇಲೆ ತನ್ನನ್ನೇ ಬೈದುಕೊಂಡಳು. ಆದರೂ ಅವನೇ ಮೊದಲು ಮಾತಾಡಲಿ, ನಾನು ದೊಡ್ಡವಳು ಅನ್ನುವ ಬಿಗುಮಾನ ಬಿಡಲಿಲ್ಲ.

ಪಡುವಣ ಗೋಪುರದಲ್ಲಿ ಮೊದಲು ಕಾವಲಿಗಿದ್ದವನು ಅಪ್ಪನೇ. ಇವರಿಬ್ಬರೂ ಚಿಕ್ಕವರಿದ್ದಾಗ ಮುಂಜಾನೆ ಮೇಕೆ ಹೊಡೆದುಕೊಂಡು ಮೂಡಣ ಬೆಟ್ಟಕ್ಕೆ ಬರುತ್ತಿದ್ದರು. ಬಿಸಿಲೇರಿತು ಅನ್ನಿಸಿದಾಗ ಅಪ್ಪ ತನ್ನ ಗೋಪುರದ ಇತ್ತಕಡೆಯ ಕಿಟಕಿಯನ್ನು ತೆರೆದು ಮುಚ್ಚಿ ಆಡಿಸುತ್ತಿದ್ದ. ಎದುರು ಬಿಸಿಲು ಗಾಜಿಗೆ ಬಿದ್ದು ಮಿಂಚುತ್ತಿತ್ತು. ಬೇಗ ಬೇಗ ಮೂರು ಸಲ, ಒಂಚೂರು ಬಿಟ್ಟು ಇನ್ನೊಂದು. ಇಳಿದು ಬನ್ನಿ ಅಂತ ಅದರ ಅರ್ಥ. ಮಕ್ಕಳು ಟವೆಲ್ ಬೀಸಿದರೆ ಬಂದ್ವಿ ಅಂತ. ಎರಡು ಟವೆಲ್ ಕಾಣುವ ತನಕ ಅವನು ಕಿಟಕಿ ನಿಲ್ಲಿಸುತ್ತಿರಲಿಲ್ಲ. ತಮ್ಮ ಎಷ್ಟೋ ಸಲ ಮೊಂಡು ಹಿಡಿದು ಬೀಸದೆ ಕೂರುತ್ತಿದ್ದ. ಅಪ್ಪ ಅತ್ತ ಆಡಿಸುತ್ತಲೇ ಇರುತ್ತಿದ್ದ, ಅಕ್ಕ ಇತ್ತ ತಮ್ಮನ ಬೆನ್ನಿಗೊಂದು ಗುದ್ದಿ ಬೀಸಿಸುತ್ತಿದ್ದಳು.

ಮೊನ್ನೆ ಮೊನ್ನೆಯವರೆಗೂ ತಮ್ಮ ಬೆಳಗ್ಗೆ ಎದ್ದ ಕೂಡಲೇ ಆ ಕಿಟಕಿಯನ್ನು ಒಂದು ಸಲ ಮಿಂಚಿಸುತ್ತಿದ್ದ, ಎದ್ದೆಯಾ ಅಂತ ಕೇಳಿದ ಹಾಗೆ. ಜಗಳವಾದ ಮೇಲೆ ಅದೂ ನಿಂತಿತು. ದುರ್ಬೀನಿನಲ್ಲಿ ಬೆಂಕಿ ಹುಡುಕುವ ನೆಪದಲ್ಲಿ ಅಕ್ಕ ದಿನಾ ಅದನ್ನೇ ನೋಡುತ್ತಿದ್ದಳು.

ಹದಿನಾರನೆಯ ದಿನ ಬೆಳಗ್ಗೆ ಆಫೀಸಿನಿಂದ ಎಚ್ಚರಿಕೆ ಬಂತು. ಒಣಹವೆ, ಗಾಳಿಯಲ್ಲಿ ತೇವವೇ ಇಲ್ಲ, ಪಡುವಣದಿಂದ ಬಿರುಗಾಳಿ, ಒಂದು ಕಿಡಿ ಬಿದ್ದರೆ ಸಾಕು. "ಪಡುವಣ ಗೋಪುರ, ಎಲ್ಲ ಕ್ಷೇಮ," ಅಂದ ತಮ್ಮ, ಆಫೀಸಿಗೆ. "ಮೂಡಣ ಗೋಪುರ, ಎಲ್ಲ ಕ್ಷೇಮ," ಅಂದಳು ಅಕ್ಕ, ಅವಳೂ ಆಫೀಸಿಗೇ. ಮಧ್ಯಾಹ್ನದ ಸರದಿಯಲ್ಲಿ ತಮ್ಮನ ದನಿ ಬರಲಿಲ್ಲ. ಆಫೀಸಿನವರು ಬ್ಯಾಟರಿ ಕೈಕೊಟ್ಟಿರಬೇಕು ಅಂದರು. ಕರೆದು ಕೇಳೋಣ ಅಂತ ಸೆಟ್ಟು ಕೈಗೆತ್ತಿಕೊಂಡ ಅಕ್ಕ ಹಾಗೇ ಇಟ್ಟಳು.

ಸಂಜೆ ಅವಳ ಸೆಟ್ಟೂ ಸತ್ತಿತು. ಗರಗರ ಅನ್ನುವ ಸದ್ದೂ ಇಲ್ಲ. ಅದೇ ಹೊತ್ತಿಗೆ ದಿನವಿಡೀ ಬೀಸಿದ ಗಾಳಿ ಯಾರೋ ಬಾಯಿ ಮುಚ್ಚಿಸಿದ ಹಾಗೆ ನಿಂತುಹೋಯಿತು. ಅಷ್ಟು ಮೌನವನ್ನು ಅಕ್ಕ ಆ ಬೆಟ್ಟದಲ್ಲಿ ಯಾವತ್ತೂ ಕೇಳಿರಲಿಲ್ಲ. ಹಕ್ಕಿಗಳು ಗೋಪುರದ ಮೇಲಿಂದ ಹಾದು ಪಡುವಣಕ್ಕೆ ಹೋದವು. ಒಂದೂ ಕೂಗಲಿಲ್ಲ. ನೆಲದ ಸಂದಿಯಿಂದ ಇರುವೆ, ಜಿರಲೆ, ಹೆಸರೇ ಗೊತ್ತಿಲ್ಲದ ಹುಳ, ಎಲ್ಲ ಎದ್ದು ಅವಳ ಪಾದ ದಾಟಿ ಅದೇ ದಿಕ್ಕಿಗೆ ಹರಿದವು. ಬಾಗಿಲ ಸಂದಿಯಲ್ಲಿ ನುಸುಳಿ, ಏಣಿಯ ಕಂಬಿ ಹಿಡಿದು ಸಾಲಾಗಿ ಇಳಿದವು. ಅಕ್ಕ ಮಂಚದ ಮೇಲೆ ಕಾಲೆತ್ತಿ ಕೂತು ಹಲಗೆಗೆ ಬೆನ್ನು ಒರಗಿಸಿದಳು. ಹಲಗೆ ಬೆಚ್ಚಗಿತ್ತು. ಮಧ್ಯಾಹ್ನದ ನಂತರ ಬಿಸಿಲು ಕಾಣದ ಹಲಗೆ ಅದು. ಹಾಳು ಸೆಕೆ, ಇನ್ನೂ ಆರಿಲ್ಲ ಅಂದುಕೊಂಡಳು.

ಆಗ ಎದುರು ಬೆಟ್ಟದಲ್ಲಿ ಕಿಟಕಿ ಮಿಂಚಿತು.

ಮೂರು ಸಲ. ಒಂಚೂರು ಬಿಟ್ಟು ಇನ್ನೊಂದು.

ಅಕ್ಕನಿಗೆ ಅಳುವೇ ಬಂತು. ಬದುಕಿದ್ದಾನೆ, ಚೆನ್ನಾಗಿದ್ದಾನೆ, ಅಷ್ಟೇ ಅಲ್ಲ, ಸೋತು ಕರೆಯುತ್ತಿದ್ದಾನೆ. ಕೂಡಲೇ ಎದ್ದು ಟವೆಲ್ ಬೀಸಬೇಕಿತ್ತು. ಬೀಸಿದಳೇ? ನಮ್ಮಕ್ಕನಲ್ಲವೇ, ಎಲ್ಲಿ ಬೀಸುತ್ತಾಳೆ! ಹದಿನೈದು ದಿನ ಕಾಯಿಸಿದ್ದಾನೆ, ಸ್ವಲ್ಪ ಹೊತ್ತು ಕೈ ನೋಯಿಸಿಕೊಳ್ಳಲಿ ಅಂತ ಸ್ಟೌ ಹಚ್ಚಿ ಟೀಗೆ ನೀರಿಟ್ಟಳು. ನೀರು ಕಾಯುವವರೆಗೆ ಬೇಕೆಂದೇ ಆ ಕಡೆ ನೋಡಲಿಲ್ಲ. ಮುಖದಲ್ಲಿ ಮಾತ್ರ ನಗು ನಿಲ್ಲುತ್ತಿರಲಿಲ್ಲ.

ಲೋಟ ಹಿಡಿದು ತಿರುಗಿದಳು. ಕಿಟಕಿ ಇನ್ನೂ ಆಡುತ್ತಿತ್ತು. ಮೂರು, ಒಂದು. ಮೂರು, ಒಂದು. ಗಾಜು ಕೆಂಪಗೆ ಹೊಳೆಯುತ್ತಿತ್ತು. ಸಂಜೆಗೆಂಪು ಗಾಜಿಗೆ ಬಿದ್ದರೆ ಎಷ್ಟು ಚೆನ್ನ ಅಂತ ಒಂದು ಗುಟುಕು ಕುಡಿದಳು. ಎರಡನೆಯ ಗುಟುಕಿಗೆ ಎತ್ತಿದ ಲೋಟವನ್ನು ಹಾಗೇ ಕೆಳಗಿಟ್ಟಳು.

ಸೂರ್ಯ ಮುಳುಗುತ್ತಿದ್ದದ್ದು ಆ ಗೋಪುರದ ಹಿಂದೆ. ಈ ಕಡೆಯ ಕಿಟಕಿಗೆ ಬೆಳಗಿನ ಬಿಸಿಲು ಬೀಳಬೇಕೇ ಹೊರತು ಸಂಜೆಯದಲ್ಲ. ಗಾಜು ಹೊಳೆಯಬೇಕಾದರೆ ಬೆಳಕು ಅದರ ಎದುರಿಗಿರಬೇಕು. ಅದರ ಎದುರಿಗಿದ್ದದ್ದು ಅಕ್ಕನ ಬೆಟ್ಟ. ಅವಳ ಬೆನ್ನು.

ಹಿಂದೆ ಹಲಗೆಯ ಆಚೆ ಗಾಜು ಚಟ್ ಅಂತ ಬಿರಿಯಿತು.

ಹಲಗೆಯ ಮೂಲೆಗೆ ಬೆರಳು ತೂರಿಸಿ ಎಳೆದಳು. ಒಂದು ಮೊಳೆ ಕಿತ್ತು ಬಂತು. ಆ ಸಂದಿಯಲ್ಲಿ ಕಂಡದ್ದು ಸಾಕಾಯಿತು. ಮೂಡಣ ಇಳಿಜಾರು ಪೂರ್ತಿ ಬೆಂಕಿ. ವೈರ್‌ಲೆಸ್ಸಿನ ಕಂಬ ಅದರೊಳಗೆ ಬಾಗಿ ನಿಂತಿತ್ತು. ಹೊಗೆ, ವಾಸನೆ ಎಲ್ಲವನ್ನೂ ಗಾಳಿ ಇಷ್ಟು ಹೊತ್ತು ಆಚೆಗೆ ಹೊತ್ತೊಯ್ದಿತ್ತು. ಗಾಳಿ ನಿಂತ ಮೇಲೆ ಬೆಂಕಿ ಸದ್ದಿಲ್ಲದೆ ಬೆಟ್ಟ ಹತ್ತಿ ಗೋಪುರದ ಕಾಲಿನ ಹತ್ತಿರಕ್ಕೇ ಬಂದಿತ್ತು.

ಕೊಡದ ನೀರು ಮೈಮೇಲೆ ಸುರಿದುಕೊಂಡು, ಒದ್ದೆ ಟವೆಲ್ ಮುಖಕ್ಕೆ ಸುತ್ತಿ ಏಣಿ ಇಳಿದಳು. ಪಡುವಣ ಇಳಿಜಾರಿನಲ್ಲಿ ಬಿದ್ದು ಎದ್ದು ಓಡಿದಳು. ದಾರಿ ತಪ್ಪಿತು ಅನ್ನಿಸಿದಾಗೆಲ್ಲ ತಲೆಯೆತ್ತಿ ಕಿಟಕಿ ನೋಡುತ್ತಿದ್ದಳು. ಅದು ಕರೆಯುತ್ತಲೇ ಇತ್ತು.

ಹಳ್ಳದ ಬಂಡೆಗಳ ಮೇಲೆ ಕಾಲಿಟ್ಟಾಗ ಎದುರಿಗೆ ಒಬ್ಬ ಮನುಷ್ಯ ಏದುಸಿರು ಬಿಡುತ್ತಾ ಬರುತ್ತಿದ್ದ. ತಮ್ಮ. ಕೈಯಲ್ಲೊಂದು ಸುತ್ತಿಗೆ.

"ನೀನಾ?" ಅಂದಳು ಅಕ್ಕ. "ಮತ್ತೆ ಅಲ್ಲಿ ಯಾರಿದ್ದಾರೆ?"

"ಎಲ್ಲಿ?"

"ನಿನ್ನ ಗೋಪುರದಲ್ಲಿ. ಕಿಟಕಿ ಆಡಿಸ್ತಿರೋದು ಯಾರು?"

"ಯಾರೂ ಇಲ್ಲ. ನಾನು ಮಧ್ಯಾಹ್ನವೇ ಹೇಳದೆ ಕೇಳದೆ ಹೊರಟೆ, ಹಳೇ ಕಾಲುದಾರಿ ಮುಳ್ಳು ಮುಚ್ಚಿ ಇಳಿಯೋಷ್ಟರಲ್ಲಿ ಸಂಜೆಯಾಯ್ತು," ಅಂದ ತಮ್ಮ. "ಈ ಗಾಳಿಯಲ್ಲಿ ಆ ಹಲಗೆ ನೆನೆಸಿಕೊಂಡ್ರೆ ಕೂತಲ್ಲಿ ಕೂರೋಕಾಗ್ಲಿಲ್ಲ. ನೀನಂತೂ ತೆಗೆಯಲ್ಲ, ನಾನೇ ಕಿತ್ತು ಹಾಕೋಣ ಅಂತ ಸುತ್ತಿಗೆ ತಂದೆ. ಕಿಟಕಿಗೆ ಚಿಲಕ ಹಾಕಿದ್ದೀನಿ."

ಅಕ್ಕ ಅವನ ಭುಜ ಹಿಡಿದು ತಿರುಗಿಸಿದಳು.

ಮೂರು. ಒಂದು.

ತಮ್ಮ ನೋಡಿದ. ಗಾಳಿಗೆ ಇರಬಹುದು ಅನ್ನಲು ಬಾಯಿ ತೆರೆದ. ಹಳ್ಳದಲ್ಲಿ ಒಂದು ಒಣ ಎಲೆ ಕೂಡ ಅಲುಗುತ್ತಿರಲಿಲ್ಲ.

ಅಕ್ಕ ಮುಖದ ಟವೆಲ್ ಬಿಚ್ಚಿ ಎತ್ತರದ ಬಂಡೆ ಹತ್ತಿ ಬೀಸಿದಳು. ಮೇಲೆ ಅವಳ ಗೋಪುರ ಆಗಲೇ ಹೊತ್ತಿಕೊಂಡಿತ್ತು, ಆ ಬೆಳಕಿನಲ್ಲಿ ಹಳ್ಳವೆಲ್ಲ ಹಗಲಾಗಿತ್ತು. ಕಾಣಿಸದೆ ಇರಲು ಸಾಧ್ಯವೇ ಇರಲಿಲ್ಲ. ಆದರೂ ಕಿಟಕಿ ನಿಲ್ಲಲಿಲ್ಲ. ಮೂರು, ಒಂದು. ಮೂರು, ಒಂದು.

"ಬೀಸಿದೆಯಲ್ಲ, ಇನ್ನೇನಂತೆ?" ಅಂದ ತಮ್ಮ.

"ಎರಡು ಬೇಕು ಕಣೋ. ನೀನು ಬೀಸಬೇಕು."

"ನನ್ನನ್ನ ಯಾಕೆ ಕರೀತಾನೆ," ಅಂದ ಅವನು ನೆಲ ನೋಡುತ್ತಾ. "ನೀನೇ ಹೇಳಿದೆಯಲ್ಲ. ಮಣ್ಣು ಮಾಡಿದ ಮೇಲೆ ಬಂದವನು ನಾನು."

 ಅಕ್ಕ ಬಂಡೆಯಿಂದ ಇಳಿದು ಬಂದು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಅವನ ಬೆನ್ನಿಗೊಂದು ಗುದ್ದಿದಳು.

"ನಾನು ಅಂದದ್ದು ತಪ್ಪು. ಬೀಸೋ ಮೊಂಡ. ಅಪ್ಪ ಕಾಯ್ತಿದ್ದಾನೆ."

ತಮ್ಮ ಸುತ್ತಿಗೆ ಕೆಳಗಿಟ್ಟ. ಅಂಗಿ ಬಿಚ್ಚಿ, ಬಂಡೆ ಹತ್ತಿ, ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಬೀಸಿದ. ಅಳುತ್ತಾ ಬೀಸಿದ.

ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು. ಮತ್ತೆ ತೆರೆಯಲಿಲ್ಲ.