ಬೋಂಡದ ಎಣ್ಣೆಯ ವಿಮಾನ

“ಒಂದು ವಿಮಾನ ಹಾರಕ್ಕೆ ಎಷ್ಟು ಬೋಂಡ ಬೇಕಾಯ್ತದ?”

ಪುಟ್ಟಮಲ್ಲಪ್ಪ ಈ ಮಾತನ್ನು ಯಾರನ್ನೂ ಕೇಳಲಿಲ್ಲ. ಎದುರಿಗಿದ್ದದ್ದು ಕಾದ ಬಾಣಲೆ, ಅದರಲ್ಲಿ ಮಗ್ಗುಲು ಬದಲಿಸುತ್ತಿದ್ದ ಹನ್ನೆರಡು ಆಲೂ ಬೋಂಡ. ಬಾಣಲೆ ಉತ್ತರ ಕೊಡಲಿಲ್ಲ. ಹಿಂದೆ ಕೂತು ಹಿಟ್ಟು ಕಲಸುತ್ತಿದ್ದ ಹೆಂಡತಿ ಗಂಗಾಂಬಿಕೆಯೂ ಕೊಡಲಿಲ್ಲ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಗಂಡನ ಜೊತೆ ಮೂವತ್ತು ವರ್ಷ ಬಜ್ಜಿ ಅಂಗಡಿ ನಡೆಸಿದವಳು ಆಕೆ. ಅವನ ಯಾವ ಮಾತು ತನಗೆ, ಯಾವುದು ಗಾಳಿಗೆ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಈ ಪ್ರಶ್ನೆಯನ್ನು ಅವನ ತಲೆಯಲ್ಲಿ ಬಿತ್ತಿ ಹೋದವನು ರವಿಕುಮಾರ. ಆ ಬೆಳಿಗ್ಗೆ ಗೂಡ್ಸ್ ಆಟೋದ ತುಂಬ ನೀಲಿ ಡ್ರಮ್ಮು ಹೇರಿಕೊಂಡು ಬಂದಿದ್ದ. ಜಿಲ್ಲೆಯ ಹವಾಮಾನ ಯೋಜನೆಯಲ್ಲಿ ಹೊಸ ಕಾರ್ಯಕ್ರಮವಂತೆ. ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಚರಂಡಿಗೆ ಚೆಲ್ಲಬಾರದು, ಮತ್ತೆ ಕಾಯಿಸಿ ಜನರ ಹೊಟ್ಟೆಗೂ ಹಾಕಬಾರದು, ಡ್ರಮ್ಮಿಗೆ ಸುರಿಯಬೇಕು. ಕಾರ್ಖಾನೆಯವರು ಅದನ್ನು ಶುದ್ಧ ಮಾಡಿ ವಿಮಾನಕ್ಕೆ ಹಾಕುತ್ತಾರೆ.

“ವಿಮಾನ ಬುಡೋ ಹೊಗೇನೂ ಸೇರ್ಕಂಡು ಬಿಸ್ಲು ಹೆಚ್ತಾ ಅದ ಕಣಣ್ಣ. ನೆಲದೊಳಗಿಂದ ತಗ್ದ ಎಣ್ಣೆ ಬದ್ಲು ಇದ್ನ ಉರಿಸಿದ್ರ ಆಕಾಶಕ್ಕೆ ಹೊಸ ಹೊಗೆ ಕಮ್ಮಿ,” ಅಂದ ರವಿಕುಮಾರ.

“ನಮ್ ಅಂಗ್ಡೀಲಿ ಎಣ್ಣೆ ಉಳಿಯಕಿಲ್ಲ ಕಣಪ್ಪ,” ಅಂದಳು ಗಂಗಾಂಬಿಕೆ. “ಆವತ್ತಿಂದು ಆವತ್ತಿಗೆ. ಸಂಜೆಗೆ ಬಾಣ್ಲೆ ತಳ ಕಾಣ್ತದ.”

ಅದು ನಿಜ. ಆಕೆಯ ಮೆಣಸಿನಕಾಯಿ ಬಜ್ಜಿ ತಿಂದವರಿಗೆ ಎದೆ ಉರಿದದ್ದಿಲ್ಲ. ಊಟಿ ಬಸ್ಸಿನ ಡ್ರೈವರ್ ಮಾದಣ್ಣ ಎಷ್ಟೇ ತಡವಾಗಿದ್ದರೂ ಬಸ್ಸನ್ನು ಈ ಅಂಗಡಿ ಮುಂದೆ ನಿಲ್ಲಿಸಿಯೇ ಮುಂದೆ ಹೋಗುತ್ತಿದ್ದ.

ಆದರೂ ರವಿಕುಮಾರ ಕೆಲವು ಡ್ರಮ್ಮು ಇಳಿಸಿ, ಒಂದು ಚೀಟಿ ಕೊಟ್ಟು ಹೋದ. ತಾಲ್ಲೂಕಿನಲ್ಲಿ ಒಂದು ತಿಂಗಳಲ್ಲಿ ಅತಿ ಹೆಚ್ಚು ಎಣ್ಣೆ ಕೊಡುವ ಅಂಗಡಿಗೆ ಬಹುಮಾನ: ಮೈಸೂರಿನಿಂದ ಹೈದರಾಬಾದಿಗೆ ಇಬ್ಬರಿಗೆ ವಿಮಾನದ ಟಿಕೆಟ್ಟು, ಹೋಗಿ ಬರುವುದಕ್ಕೆ.

ಗಂಗಾಂಬಿಕೆ ಚೀಟಿಯನ್ನು ಎರಡು ಸಲ ಓದಿದಳು. “ವಿಮಾನದ ಹೊಗೆ ಕಮ್ಮಿ ಮಾಡ್ದೋರ್ಗೆ ವಿಮಾನ ಹತ್ತಿಸ್ತಾರಾ? ಕುಡಿಯೋದ್ ಬುಟ್ಟೋನ್ಗೆ ಸೀಸೆ ಕೊಟ್ಟು ಸನ್ಮಾನ ಮಾಡ್ದಂಗಾಯ್ತು.”

ಆದರೆ ಪುಟ್ಟಮಲ್ಲಪ್ಪನ ಕಣ್ಣು ಹೈದರಾಬಾದಿನ ಮೇಲೆ ನಿಂತುಬಿಟ್ಟಿತ್ತು. ಅಲ್ಲಿಂದ ಶ್ರೀಶೈಲ ಅರ್ಧ ದಿನದ ಹಾದಿ, ಅಷ್ಟನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಯಾದರೂ ಹೋಗಬಹುದು. ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತು ಅವನ ತಾಯಿ ಅವನನ್ನು ಹೆತ್ತಿದ್ದಳು, ಆ ದೇವರ ಹೆಸರನ್ನೇ ಇಟ್ಟಿದ್ದಳು. ಒಂದು ಸಲ ಕರೆದುಕೊಂಡು ಹೋಗಿ ಪಾದ ಮುಟ್ಟಿಸಬೇಕು ಅನ್ನುತ್ತಲೇ ಕಣ್ಣು ಮುಚ್ಚಿದ್ದಳು. ಅರವತ್ತೆರಡಾದರೂ ಅವನು ಹೋಗಿರಲಿಲ್ಲ. ಊರಿಂದ ಅಷ್ಟು ದೂರ ಬಸ್ಸಿನಲ್ಲಿ ಕೂರಲು ಅವನ ಬೆನ್ನು ಒಪ್ಪುತ್ತಿರಲಿಲ್ಲ. ನಂಜನಗೂಡು ದಾಟುವಷ್ಟರಲ್ಲೇ ಶಿವ ಶಿವಾ ಅನ್ನಿಸುವ ಬೆನ್ನು ಅದು.

ಸಾಲದ್ದಕ್ಕೆ ಎದುರಿನ ಟೀ ಅಂಗಡಿಯ ಸೋಮಶೇಖರ್, ಗಂಗಾಂಬಿಕೆಯ ತಮ್ಮ. ನಾಲ್ಕು ವರ್ಷದ ಹಿಂದೆ ಒಂದೇ ಒಂದು ಸಲ ವಿಮಾನ ಹತ್ತಿದ್ದವನು ಇನ್ನೂ ಇಳಿದಿರಲಿಲ್ಲ. “ಮೇಲಿಂದ ನೋಡಿದ್ರ ಗೋಪಾಲಸ್ವಾಮಿ ಬೆಟ್ಟ ಒಂದು ರಾಗಿಮುದ್ದೆ ಕಣ್ ಭಾವ. ಇನ್ ನಿಮ್ ಅಂಗ್ಡಿ ಎಲ್ ಕಂಡದು ಬುಡಿ,” ಎಂದು ದಿನಕ್ಕೊಮ್ಮೆ ರಸ್ತೆಯ ಆಚೆಯಿಂದ ಕೂಗಿ ಹೇಳುತ್ತಿದ್ದ.

“ಎಣ್ಣೆ ಉಳಿಯಕಿಲ್ಲ ಅಂದ್ರ, ಉಳಿಸ್ಬೇಕು,” ಎಂದು ಪುಟ್ಟಮಲ್ಲಪ್ಪ ತೀರ್ಮಾನ ಮಾಡಿದ.

ಮಾರನೇ ದಿನವೇ ಹೊಸ ಎಣ್ಣೆಯ ಡಬ್ಬಗಳು ಬಂದಿಳಿದವು. ಒಂದು ಒಲೆ ಇದ್ದದ್ದು ಎರಡಾಯಿತು, ಎರಡು ಇದ್ದದ್ದು ಮೂರಾಯಿತು. ಹಿತ್ತಲಿಗೆ ಸೌದೆ ಬಂದು ಬಿತ್ತು. ಅವನು ಬಾಳೆಕಾಯಿ ಕರಿದ, ಹೀರೆಕಾಯಿ ಕರಿದ, ಹಾಗಲಕಾಯಿಯನ್ನು ಅದರ ಕಹಿಯ ಸಮೇತ ಕರಿದ. ದೊಡ್ಡಪತ್ರೆಯ ಎಲೆ ಕರಿದ, ಕುಂಬಳದ ಹೂವು ಕರಿದ, ಹೆಸರಿದ್ದದ್ದನ್ನು ಕರಿದ, ಹೆಸರಿಲ್ಲದ್ದನ್ನೂ ಹಿಟ್ಟಿನಲ್ಲಿ ಅದ್ದಿ ಕರಿದ. ಅದೇ ಎಣ್ಣೆಯನ್ನು ಕಪ್ಪಾಗುವವರೆಗೂ ಕಾಯಿಸಿ ಕಾಯಿಸಿ, ಆಮೇಲೆ ಡ್ರಮ್ಮಿಗೆ ಸುರಿದ. ಒಂದು ಪ್ಲೇಟು ತಗೊಂಡವರಿಗೆ ಇನ್ನೊಂದು ಪ್ಲೇಟು ಸುಮ್ಮನೆ ಕೊಟ್ಟ. ಮೊದಲ ವಾರ ಜನ ನಗುನಗುತ್ತ ಬಂದರು. ಎರಡನೇ ವಾರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಂದರು. ಮೂರನೇ ವಾರ ಅಂಗಡಿ ಹತ್ತಿರವಾಗುತ್ತಿದ್ದಂತೆ ರಸ್ತೆ ದಾಟಿ ಎದುರು ಬದಿಯಲ್ಲಿ ನಡೆದರು. ಬೀದಿ ನಾಯಿಗೆ ಒಂದು ಬೋಂಡ ಎಸೆದ. ನಾಯಿ ಮೂಸಿ, ಅವನ ಮುಖ ನೋಡಿ, ಸೋಮಶೇಖರನ ಅಂಗಡಿಯ ಕಡೆ ಹೋಯಿತು.

“ಭಾವ, ನಿಮ್ ಹೊಗೆಗೆ ನನ್ ಟೀ ಎಲ್ಲಾ ಸೌದೆ ವಾಸ್ನೆ ಹೊಡೀತದ ಕಣಿ,” ಎಂದು ಸೋಮಶೇಖರ್ ಕೂಗಿದ.

“ನಾ ವಿಮಾನ್ದಲ್ಲಿ ಮೇಲ್ ಹೋದಾಗ ವಾಸ್ನೆ ಬರಕಿಲ್ಲ ಬುಡ್ಲಾ,” ಅಂದ ಪುಟ್ಟಮಲ್ಲಪ್ಪ.

ಆ ದಿನ ಮಾದಣ್ಣನ ಬಸ್ಸು ಬಂತು. ಮಾದಣ್ಣ ಎಂದಿನಂತೆ ಬೆಂಚಿನ ತುದಿಯಲ್ಲಿ ಕೂತು ಮೆಣಸಿನಕಾಯಿ ಬಜ್ಜಿ ಕಚ್ಚಿದ. ಅಗಿದ. ಅಗಿಯುವುದನ್ನು ನಿಲ್ಲಿಸಿದ. ಉಳಿದರ್ಧವನ್ನು ಮೆಲ್ಲಗೆ, ದೇವರ ಮುಂದೆ ಹೂವಿಡುವ ಹಾಗೆ, ಪ್ಲೇಟಿನಲ್ಲಿಟ್ಟು ಎರಡು ಲೋಟ ನೀರು ಕುಡಿದ.

“ಅಕ್ಕ, ಮೈಗೆ ಹುಷಾರಿಲ್ವಾ ನಿಮ್ಗ?” ಅಂತ ಕೇಳಿದ.

ಗಂಗಾಂಬಿಕೆ ಆ ಅರ್ಧ ಬಜ್ಜಿಯ ಪ್ಲೇಟನ್ನು ಎತ್ತಿ ಒಳಗೆ ಒಯ್ದಳು. ಮಾರನೇ ದಿನ ಬಸ್ಸು ಎದುರು ಅಂಗಡಿಯ ಮುಂದೆ ನಿಂತಿತು. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಗಂಡನ ಹತ್ತಿರ ಬಂದಳು.

“ಸಾಕು ಬುಡಿ. ಮೂವತ್ತು ವರ್ಸದಲ್ಲಿ ನನ್ ಬಜ್ಜೀನ ಯಾರೂ ಅರ್ಧ ಇಟ್ಟು ಎದ್ದಿರ್ನಿಲ್ಲ. ನನ್ ಬಾಣ್ಲೆ ನನ್ಗ ಕೊಡಿ.”

“ಇನ್ ಎಂಟು ದಿನ ಕಣಮ್ಮಿ. ಮಲ್ಲಯ್ಯ ಕರೀತಾವ್ನ.”

“ಮಲ್ಲಯ್ಯ ಕರಿಯಕ್ಕೆ ಹೇಳ್ನಿಲ್ಲ, ಬರಕ್ಕೆ ಹೇಳವ್ನ,” ಅಂದು ಆಕೆ ಒಳಗೆ ಹೋದಳು. ಆ ಎಂಟು ದಿನ ಆಕೆ ಹಿಟ್ಟು ಕಲಸಿದಳು, ಪಾತ್ರೆ ತೊಳೆದಳು, ಗಂಡನಿಗೆ ಊಟ ಬಡಿಸಿದಳು, ಒಂದು ಮಾತನ್ನೂ ಆಡಲಿಲ್ಲ. ಪುಟ್ಟಮಲ್ಲಪ್ಪ ಅದನ್ನು ಒಪ್ಪಿಗೆ ಅಂದುಕೊಂಡ.

ತಿಂಗಳ ಕೊನೆಯ ದಿನ ರವಿಕುಮಾರ ಬಂದ. ಡ್ರಮ್ಮುಗಳೆಲ್ಲ ಕಂಠಮಟ್ಟ ತುಂಬಿದ್ದವು. ಹಿತ್ತಲಿಗೆ ಹೋದವನು ಹೊಸ ಎಣ್ಣೆಯ ಖಾಲಿ ಡಬ್ಬಗಳ ರಾಶಿ ನೋಡಿದ, ಆಳೆತ್ತರದ ಬೂದಿ ಗುಡ್ಡೆ ನೋಡಿದ.

“ಅಣ್ಣ, ಹೊಗೆ ಕಮ್ಮಿ ಮಾಡಕ್ಕ ಎರಡು ಗಾಡಿ ಸೌದೆ ಉರ್ಸಿದ್ದೀರಾ?”

“ನನ್ ಹೊಗೆ ನೆಲದ್ದು ಕಣಪ್ಪ. ನೀ ಹೇಳಿದ್ದು ಆಕಾಶದ್ದು.”

ರವಿಕುಮಾರ ಹಿತ್ತಲಿನ ಹೊಗೆ ಎತ್ತ ಹೋಗುತ್ತಿದೆ ಎಂದು ಕತ್ತೆತ್ತಿ ನೋಡಿದ. ಅದು ನೆಟ್ಟಗೆ ಆಕಾಶಕ್ಕೇ ಹೋಗುತ್ತಿತ್ತು. ಆದರೆ ಇಂತಿಷ್ಟು ಡ್ರಮ್ಮು ತರಲೇಬೇಕೆಂದು ಅವನಿಗೂ ಮೇಲಿನವರು ಹೇಳಿದ್ದರು. ನಿಟ್ಟುಸಿರು ಬಿಟ್ಟು ಡ್ರಮ್ಮುಗಳನ್ನು ಆಟೋಗೆ ಹೇರಿದ.

ಬಹುಮಾನದ ಸಭೆ ಚಾಮರಾಜನಗರದಲ್ಲಿ. ಪುಟ್ಟಮಲ್ಲಪ್ಪ ಬಿಳಿ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಇಟ್ಟು ಮುಂದಿನ ಸಾಲಿನಲ್ಲಿ ಕೂತ. ವೇದಿಕೆಯ ಮೇಲಿದ್ದ ಅಧಿಕಾರಿ ಅಮ್ಮ ಮೈಕು ಹಿಡಿದು, “ಗುಂಡ್ಲುಪೇಟೆ ತಾಲ್ಲೂಕು, ಪ್ರಥಮ ಬಹುಮಾನ,” ಅನ್ನುತ್ತಿದ್ದಂತೆ ಎದ್ದು ಎರಡು ಮೆಟ್ಟಿಲು ಹತ್ತಿಯೂಬಿಟ್ಟ.

“ಶ್ರೀಮತಿ ಗಂಗಾಂಬಿಕೆ,” ಎಂದು ಆಕೆ ಓದಿದರು.

ಅಂಗಡಿಯ ಲೈಸೆನ್ಸು ಹೆಂಡತಿಯ ಹೆಸರಿನಲ್ಲಿತ್ತು. ಆಕೆಯ ಫೋಟೋ ಅಂಟಿಸಿದ ಆ ಕಾಗದ ಹದಿನೈದು ವರ್ಷದಿಂದ ಅವನ ತಲೆಯ ಮೇಲೇ ಗೋಡೆಯಲ್ಲಿ ನೇತಾಡುತ್ತಿತ್ತು. ಮಸಿ ಹಿಡಿದು ಹಿಡಿದು ಅವನ ಕಣ್ಣಿಗೆ ಕಾಣದಂತಾಗಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಗಂಗಾಂಬಿಕೆ ಎದ್ದು ಬಂದು ಲಕೋಟೆ ತೆಗೆದುಕೊಂಡಳು. ಎರಡನೇ ಮೆಟ್ಟಿಲ ಮೇಲೆ ನಿಂತಿದ್ದ ಗಂಡನನ್ನು ಬಳಸಿಕೊಂಡು ಇಳಿದಳು.

“ಟಿಕೆಟ್ಟು ಲೈಸೆನ್ಸ್‌ದಾರರಿಗೆ, ಅವರ ಜೊತೆ ಮನೆಯವರೊಬ್ಬರಿಗೆ,” ಅಂದರು ಅಧಿಕಾರಿ. “ಅವರು ಹೋಗದಿದ್ದರೆ ಬೇರೆಯವರಿಗೆ ವರ್ಗಾಯಿಸುವ ಹಾಗಿಲ್ಲ.”

ಮಾರನೇ ಬೆಳಿಗ್ಗೆ ಗಂಗಾಂಬಿಕೆ ಹುಣಸೆಹಣ್ಣು, ಬೂದಿ ಹಾಕಿ ಬಾಣಲೆಯನ್ನು ತಿಕ್ಕುತ್ತ ಕೂತಿದ್ದಳು. ಹಿತ್ತಲಿನಲ್ಲಿ ಬೂದಿಗೆ ಕೊರತೆ ಇರಲಿಲ್ಲ. ಪುಟ್ಟಮಲ್ಲಪ್ಪ ಬೆನ್ನು ಹಿಡಿದುಕೊಂಡು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಮದುವೆಯಾದ ಮೇಲೆ ಹೆಂಡತಿಯನ್ನು ಏನನ್ನಾದರೂ ಕೇಳಿಕೊಳ್ಳುವುದು ಅವನಿಗೆ ಇದೇ ಮೊದಲು. ಹೇಗೆ ಶುರುಮಾಡಬೇಕೆಂದೇ ತಿಳಿಯಲಿಲ್ಲ.

“ಗಂಗಾ, ಹೋಗನ ಕಣಮ್ಮಿ. ಒಂದೇ ಒಂದ್ಸಲ.”

ಆಕೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಆ ವಿಮಾನದೊಳ್ಗ ಉರಿಯೋದು ಏನು?”

“ನಮ್ ಎಣ್ಣೇನೂ ಸೇರಿರ್ತದ,” ಅಂದ ಅವನು, ಕೊಂಚ ಹೆಮ್ಮೆಯಿಂದಲೇ.

“ಆ ಎಣ್ಣೆ ನಾನ್ ನೋಡಿವ್ನಿ. ಅದ್ರಲ್ಲಿ ಕರ್ದ ಬೋಂಡ ಬೀದಿ ನಾಯಿಗೆ ಒಗ್ಗನಿಲ್ಲ. ಅದ್ನ ನಂಬ್ಕಂಡು ಮೋಡದ ಮೇಲೆ ಕೂತ್ಕಳನಾ?”

“ಶುದ್ಧ ಮಾಡಿರ್ತಾರ ಕಣಮ್ಮಿ.”

“ನನ್ ಹೆಸ್ರನ್ನೂ ಶುದ್ಧ ಮಾಡ್ಕೊಡ್ತಾರಾ, ಕೇಳ್ಕಬನ್ನಿ.”

ರಸ್ತೆಯಲ್ಲಿ ಊಟಿ ಬಸ್ಸು ಬಂತು. ಎದುರು ಅಂಗಡಿಯ ಮುಂದೆ ನಿಂತಿತು. ಇಬ್ಬರೂ ಅದನ್ನು ನೋಡಿದರು. ಸೋಮಶೇಖರ್ ಯಾರಿಗೋ ರಾಗಿಮುದ್ದೆಯಂಥ ಬೆಟ್ಟದ ಕತೆ ಹೇಳುತ್ತಿದ್ದದ್ದು ಇಲ್ಲಿವರೆಗೂ ಕೇಳಿಸುತ್ತಿತ್ತು.

ಪುಟ್ಟಮಲ್ಲಪ್ಪನ ದನಿ ಇಳಿಯಿತು. “ಸೋಮಂಗೆ ಉತ್ರ ಕೊಡಕ್ಕಲ್ಲ ಕಣಮ್ಮಿ. ಮಲ್ಲಯ್ಯನ ಪಾದ ಮುಟ್ಬೇಕು. ಅವ್ವನ ಹರ್ಕೆ. ಈ ಬೆನ್ನು ಬಸ್ನಲ್ಲಿ ತಡೆಯಕಿಲ್ಲ, ನಿನ್ಗೂ ಗೊತ್ತದ. ನೀ ಬಂದ್ರ ತಾನೇ ನನ್ಗೂ ದಾರಿ.”

ಗಂಗಾಂಬಿಕೆ ಬಾಣಲೆಯನ್ನು ಎತ್ತಿ ಬಿಸಿಲಿಗೆ ಹಿಡಿದಳು. ತಳ ಫಳಫಳ ಅನ್ನುತ್ತಿತ್ತು. ಅದರಲ್ಲಿ ಆಕೆಯ ಮುಖ ಕಂಡಿತು, ಹಿಂದೆ ಗಂಡನ ಮುಖವೂ ಕಂಡಿತು. ಆಕೆ ಅದನ್ನು ಒಲೆಯ ಮೇಲಿಟ್ಟು, ಆ ದಿನಕ್ಕೆ ಬೇಕಾದಷ್ಟೇ ಹೊಸ ಎಣ್ಣೆ ಸುರಿದಳು.

“ನಾ ಬರಕಿಲ್ಲ,” ಅಂದಳು.